2 ಜಿಬಿ ರ‍್ಯಾಮಿಗೊಂದು ಎಡಿಟರ್

ನಮ್ಮ ಐಟಿ ಮಂದಿಗೆ ಜಗಳ ಆಡೋಕೆ ರಾಜಕೀಯ, ಕ್ರಿಕೆಟ್ ಯಾವುದೂ ಬೇಕಿಲ್ಲ. ಊಟದ ಟೇಬಲ್ಲಿನಲ್ಲಿ ಯಾರಾದರೂ ಸುಮ್ಮನೆ ‘ವಿಮ್’ ಅಂದರೆ ಸಾಕು. ಎದುರಿನವನು ‘ಈ ಕಾಲದಲ್ಲೂ?’ ಅಂತ ನಗ್ತಾನೆ, ಪಕ್ಕದವಳು ವಿಎಸ್ ಕೋಡಿಗೆ ಹಾಕಿದ ಹೊಸ ಡಾರ್ಕ್ ಥೀಮ್ ತೋರಿಸ್ತಾಳೆ, ಮೂಲೆಯಲ್ಲಿ ಕೂತ ಸೀನಿಯರ್ ಒಬ್ಬರು ‘ಈಮ್ಯಾಕ್ಸ್’ ಅಂತ ಗೊಣಗಿ ಮಜ್ಜಿಗೆ ಕುಡೀತಾರೆ. ಕೋಡ್ ಬರೆಯುವ ಒಂದು ಸಾಫ್ಟ್‌ವೇರ್ ಬಗ್ಗೆ ಇಷ್ಟು ಪ್ರೀತಿ ಯಾಕೆ ಅಂತ ಹೊರಗಿನವರಿಗೆ ಆಶ್ಚರ್ಯ. ದಿನಕ್ಕೆ ಎಂಟು ತಾಸು ನೋಡುವ ಮುಖ ಅದು ಸ್ವಾಮಿ. ಮನೆಯವರ ಮುಖಾನೂ ನಾವು ಅಷ್ಟು ಹೊತ್ತು ನೋಡೋದಿಲ್ಲ.

ಆದರೆ ಈ ಜಗಳದಲ್ಲಿ ಎಲ್ಲರೂ ಒಂದು ವಿಷಯವನ್ನು ಮಾತಾಡದೇ ಒಪ್ಪಿಕೊಂಡಿರ್ತೀವಿ. ಎಲ್ಲರ ಹತ್ತಿರ ಕಂಪನಿ ಕೊಟ್ಟ 16 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಇದೆ. ತಲೆ ಮೇಲೆ ವೈಫೈ ಇದೆ. ಕರೆಂಟ್ ಹೋದರೆ ಜನರೇಟರ್ ಇದೆ. ಈ ಮೂರೂ ಇಲ್ಲದ ಕಡೆಯಿಂದ ಅದೇ ಪ್ರಶ್ನೆ ಬಂದರೆ ಉತ್ತರ ಏನಿರಬೇಕು? ನನಗೆ ಅಂಥದ್ದೊಂದು ಪ್ರಶ್ನೆ ಬಂತು, ಊರಿಂದ, ತಂಗಿಯ ವಾಟ್ಸಾಪ್ ಮೆಸೇಜಾಗಿ.

“ಅಣ್ಣಾ, ಕೋಡಿಂಗ್ ಕಲೀಲಿಕ್ಕಿ ಫ್ರೀ ಎಡಿಟರ್ ಯಾವ್ದು ಛಲೋ ಅದ?”

ನಮ್ಮೂರು ಸುಲೇಪೇಟ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. ಬೆಂಗಳೂರಿನವರಿಗೆ ದಾರಿ ಹೇಳಬೇಕಂದ್ರೆ, ಮುಂಬೈ ಕಡೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ವಾಡಿ ಜಂಕ್ಷನ್ನಿನಲ್ಲಿ ಇಳೀಬೇಕು. ಅಲ್ಲಿಂದ ಸಿಕಂದರಾಬಾದ್ ಲೈನಿನ ಗಾಡಿ ಹಿಡಿದು ಚಿತ್ತಾಪುರ, ಮಳಖೇಡ ದಾಟಿ ಸೇಡಂ. ಆಮೇಲೆ ಬಸ್ಸು. ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು, ಸುಣ್ಣದ ಕಲ್ಲಿನ ಕ್ವಾರಿಗಳು, ಕಲ್ಲು ಮುಗಿದ ಕಡೆ ತೊಗರಿ ಹೊಲ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಕಲಬುರಗಿ ತೊಗರಿಬೇಳೆ ಬೆಳೆಯೋ ನೆಲ ಇದು. ನಿಮ್ಮ ಅಪಾರ್ಟ್‌ಮೆಂಟಿನ ಬೇಳೆ ಸಾರಿಗೂ ನಮ್ಮ ಕಡೆಗೂ ಏನೋ ಒಂದು ಸಂಬಂಧ ಇದ್ದೇ ಇರುತ್ತೆ.

ತಂಗಿ ಆಗ ಬಿಸಿಎ ಎರಡನೇ ವರ್ಷ. ಅವಳ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡು. 2 ಜಿಬಿ ರ‍್ಯಾಮ್, ತಿರುಗುವ ಹಳೇ ಹಾರ್ಡ್ ಡಿಸ್ಕ್, ಚಾರ್ಜರ್ ಕಿತ್ತರೆ ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚುವ ಬ್ಯಾಟರಿ. ತಮಾಷೆ ಅಂದ್ರೆ ಅವಳ ಕೈಯಲ್ಲಿರೋ ಫೋನಿನಲ್ಲಿ 6 ಜಿಬಿ ರ‍್ಯಾಮಿದೆ. ಮನೆಯಲ್ಲಿರೋ ಎರಡು ಕಂಪ್ಯೂಟರುಗಳಲ್ಲಿ ದೊಡ್ಡದು ಜೇಬಿನಲ್ಲಿ ಹೋಗುತ್ತೆ.

ಯಾವುದೋ ವಿಡಿಯೋ ಪಾಠದಲ್ಲಿ ಒಂದು ಎಡಿಟರ್ ಹೆಸರು ಹೇಳಿ, ಅದಕ್ಕೆ ಹತ್ತಾರು ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ ಅಂದಿದ್ದರಂತೆ. ಎರಡು ದಿನದ ಡೇಟಾ ಪ್ಯಾಕ್ ಖರ್ಚು ಮಾಡಿ ಇಳಿಸಿಕೊಂಡಿದ್ದಾಳೆ. ಐಕಾನ್ ಒತ್ತಿದರೆ ಪರದೆ ಬರೋಕೆ ನಾಲ್ಕು ನಿಮಿಷ, ಒಂದು ಅಕ್ಷರ ಒತ್ತಿದರೆ ಅದು ಮೂಡೋಕೆ ಎರಡು ಸೆಕೆಂಡು. ಮೌಸ್ ಬಾಣ ಇದ್ದಲ್ಲೇ ನಿಂತುಬಿಡುತ್ತೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದ ಮೇಲೆ ಅವಳು ಹೇಳಿದ ಕೊನೇ ಮಾತು ನನಗೆ ನೆಟ್ಟಿತು. “ಎಲ್ಲಾರ್ದೂ ನಡೀತದ, ನಂದೇ ನಡ್ಯಂಗಿಲ್ಲ. ನಂಗ ಇದು ಆಗಂಗಿಲ್ಲ ಕಾಣಸ್ತದ ಅಣ್ಣಾ. ಅಪ್ಪ ಅಂದಂಗ ಬಿ.ಇಡಿನೇ ಮಾಡ್ತೀನಿ ಬಿಡು.”

ಬಿ.ಇಡಿ ಮಾಡೋದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಪ್ರೋಗ್ರಾಮೂ ಬರೆಯೋ ಮುಂಚೆ, ಸಾಫ್ಟ್‌ವೇರ್ ತೆರೆಯಲಿಲ್ಲ ಅನ್ನೋ ಕಾರಣಕ್ಕೆ ‘ನನಗೆ ತಲೆ ಇಲ್ಲ’ ಅಂತ ಒಬ್ಬಳು ತೀರ್ಮಾನ ಮಾಡೋದಿದೆಯಲ್ಲ, ಅದು ಸಣ್ಣ ವಿಷಯ ಅಲ್ಲ. ಹೀಗೆ ತೀರ್ಮಾನ ಮಾಡಿಕೊಂಡವರು ಯಾವ ಲೆಕ್ಕದಲ್ಲೂ ಸಿಗೋದಿಲ್ಲ. ಪರೀಕ್ಷೆಯಲ್ಲಿ ಫೇಲಾದರೆ ರಿಸಲ್ಟ್ ಶೀಟಿನಲ್ಲಾದರೂ ಹೆಸರಿರುತ್ತೆ.

ಹಾಗಾಗಿ ಅವಳ ಪ್ರಶ್ನೆಯನ್ನು ನಾನು ಸ್ವಲ್ಪ ಸೀರಿಯಸ್ಸಾಗಿ ತಗೊಂಡೆ. ನನ್ನ ಇಷ್ಟದ ಎಡಿಟರ್ ಯಾವುದು ಅನ್ನೋದನ್ನು ಪಕ್ಕಕ್ಕಿಟ್ಟು, ಅವಳ ಟೇಬಲ್ ಮೇಲೆ ಯಾವುದು ಬದುಕುತ್ತೆ ಅಂತ ನೋಡಲು ಕೂತೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಪ್ರೋಗ್ರಾಮ್ ಅನ್ನೋದು ಕೊನೆಗೂ ಒಂದು ಸಾದಾ ಪಠ್ಯದ ಫೈಲು. ದಪ್ಪಕ್ಷರ ಇಲ್ಲ, ಬಣ್ಣ ಇಲ್ಲ, ಫಾಂಟ್ ಇಲ್ಲ. ಎಡಿಟರಿನಲ್ಲಿ ಕಾಣುವ ಬಣ್ಣಗಳೆಲ್ಲ ಎಡಿಟರ್ ನಮ್ಮ ಕಣ್ಣಿಗೆ ಹಚ್ಚಿ ತೋರಿಸೋದು, ಫೈಲಿನಲ್ಲಿ ಅವು ಇರೋದಿಲ್ಲ. ನಮ್ಮ ಕಡೆ ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ನೋಡಿದ್ದೀರಲ್ಲ? ಪಾಲಿಷ್ ಇಲ್ಲ, ಡಿಸೈನ್ ಇಲ್ಲ. ಮೇಲೆ ಜಮಖಾನ ಹಾಸಿ, ಕುರ್ಚಿ ಇಡಿ, ರೊಟ್ಟಿ ಬಡೀರಿ, ಕಲ್ಲು ಕಲ್ಲೇ. ಸಾದಾ ಪಠ್ಯ ಹಾಗೆ. ಇವತ್ತು ಒಂದು ಎಡಿಟರಿನಲ್ಲಿ ಬರೆದದ್ದನ್ನು ನಾಳೆ ಇನ್ನೊಂದರಲ್ಲಿ ತೆರೆಯಬಹುದು. ಅಂದ ಮೇಲೆ ಎಡಿಟರ್ ಆಯ್ಕೆ ಮದುವೆಯಷ್ಟು ದೊಡ್ಡ ನಿರ್ಧಾರ ಅಲ್ಲ. ಇದನ್ನು ತಂಗಿಗೆ ಹೇಳಿದ ಕೂಡಲೇ ಅವಳ ಅರ್ಧ ಹೆದರಿಕೆ ಇಳೀತು. “ಹಂಗಾರ ನೋಟ್‌ಪ್ಯಾಡ್‌ನಾಗೂ ಬರೀಬಹುದೇನು?” ಬರೀಬಹುದು. ಕಷ್ಟ ಆಗುತ್ತೆ, ಅಷ್ಟೇ.

ಇನ್ನು ‘ಫ್ರೀ’ ಅನ್ನೋ ಪದ. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಇರೋದರಿಂದ ಅವರು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ನಮಗೆ ಆ ಕಷ್ಟ ಇಲ್ಲ. ದುಡ್ಡು ಕೊಡಬೇಕಿಲ್ಲ ಅಂದ್ರೆ ಪುಕ್ಕಟೆ. ಬಳಸೋಕೆ, ಒಳಗೇನಿದೆ ನೋಡೋಕೆ, ತಿದ್ದೋಕೆ, ಇನ್ನೊಬ್ಬರಿಗೆ ಕೊಡೋಕೆ ಯಾರ ಅಪ್ಪಣೆಯೂ ಬೇಡ ಅಂದ್ರೆ ಮುಕ್ತ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಜೀವಮಾನವೆಲ್ಲ ವಾದ ಮಾಡಿದ್ದು ಈ ಎರಡನೇ ಅರ್ಥಕ್ಕೆ. ಸಬ್ಲೈಮ್ ಟೆಕ್ಸ್ಟ್ ಎಷ್ಟು ದಿನ ಬೇಕಾದರೂ ಪರೀಕ್ಷಿಸಿ ನೋಡಿ ಅನ್ನುತ್ತೆ, ಆದರೆ ಅದು ಪುಕ್ಕಟೆಯೂ ಅಲ್ಲ, ಮುಕ್ತವೂ ಅಲ್ಲ. ‘ಕೊಂಡುಕೊಳ್ಳಿ’ ಅಂತ ಆಗಾಗ ನೆನಪಿಸುತ್ತಾ ಇರುತ್ತೆ. ವಿಎಸ್ ಕೋಡಿನ ಕಥೆ ಇನ್ನೂ ಮಜಾ. 2015ರಲ್ಲಿ ಬಂದ ಅದರ ಮೂಲ ಕೋಡ್ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದೆ. ಆದರೆ ನಾವು ನೀವು ಮೈಕ್ರೋಸಾಫ್ಟಿನ ಸೈಟಿನಿಂದ ಇಳಿಸಿಕೊಳ್ಳೋ ಸಿದ್ಧ ರೂಪಕ್ಕೆ ಬೇರೆಯದೇ ಪರವಾನಗಿ. ಅದು ಪುಕ್ಕಟೆ, ಮುಕ್ತ ಅಲ್ಲ. ಅದೇ ಮೂಲ ಕೋಡಿನಿಂದ ಸಮುದಾಯದವರು ಕಟ್ಟಿಕೊಟ್ಟಿರುವ ವಿಎಸ್‌ಕೋಡಿಯಂ ಮುಕ್ತ.

ಬೆಂಗಳೂರಿನಲ್ಲಿ ಕೂತು ಈ ವ್ಯತ್ಯಾಸ ಹೇಳಿದರೆ ‘ಸರಿ, ಅದರಿಂದ ಏನೀಗ?’ ಅನ್ಸುತ್ತೆ. ಸುಲೇಪೇಟೆಯಲ್ಲಿ ಅದರಿಂದ ಏನು ಅಂತ ಮುಂದೆ ಹೇಳ್ತೀನಿ. ಮೊದಲು ಲ್ಯಾಪ್‌ಟಾಪಿನ ಹೊಟ್ಟೆ ನೋಡೋಣ.

ಇವತ್ತಿನ ಹಲವು ಎಡಿಟರುಗಳು ಎಲೆಕ್ಟ್ರಾನ್ ಅನ್ನೋ ಚೌಕಟ್ಟಿನ ಮೇಲೆ ನಿಂತಿವೆ. ಅಂದ್ರೆ ಎಡಿಟರಿನ ಒಳಗೆ ಕ್ರೋಮಿಯಂ ಬ್ರೌಸರಿನ ಎಂಜಿನ್ ಪೂರ್ತಿ ಕೂತಿರುತ್ತೆ. ಅದರಿಂದ ಅನುಕೂಲ ಬಹಳ. ಒಂದೇ ಕೋಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರ ಮೇಲೂ ಓಡುತ್ತೆ, ಎಕ್ಸ್‌ಟೆನ್ಷನ್ ಬರೆಯೋದು ಸುಲಭ, ನೋಡೋಕೂ ಚಂದ. ಬೆಲೆ ಏನಂದ್ರೆ ಮೆಮೊರಿ. ಆಪರೇಟಿಂಗ್ ಸಿಸ್ಟಮ್ ತಿಂದು ಉಳಿಸಿದ್ದರಲ್ಲಿ ಎಡಿಟರ್, ಅದರ ಮೇಲೆ ಹತ್ತು ಎಕ್ಸ್‌ಟೆನ್ಷನ್, ಪಕ್ಕದಲ್ಲಿ ಪಾಠದ ವಿಡಿಯೋ. 2 ಜಿಬಿಯಲ್ಲಿ ಇಷ್ಟು ಜನಕ್ಕೆ ಊಟ ಬಡಿಸೋಕಾಗಲ್ಲ. ರ‍್ಯಾಮ್ ಸಾಲದೇ ಹೋದಾಗ ಕಂಪ್ಯೂಟರ್ ಹಾರ್ಡ್ ಡಿಸ್ಕನ್ನೇ ರ‍್ಯಾಮಿನ ಹಾಗೆ ಬಳಸೋಕೆ ಶುರು ಮಾಡುತ್ತೆ. ತಿರುಗುವ ಡಿಸ್ಕು ರ‍್ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ತಂಗಿಯ ಮೌಸ್ ಬಾಣ ನಿಂತದ್ದು ಇದಕ್ಕೆ. ಅವಳ ತಲೆಗೂ ಅದಕ್ಕೂ ಸಂಬಂಧವೇ ಇಲ್ಲ.

ಇತಿಹಾಸದಲ್ಲಿ ಇದಕ್ಕೊಂದು ನಗು ಬರಿಸೋ ಉಪಕಥೆ ಇದೆ. ಸ್ಟಾಲ್‌ಮನ್ 1985ರಲ್ಲಿ ಗ್ನೂ ಈಮ್ಯಾಕ್ಸ್ ಬಿಡುಗಡೆ ಮಾಡಿದ ಕಾಲಕ್ಕೆ ಅದೇ ದೊಡ್ಡ ಹೊಟ್ಟೆಬಾಕ. ‘8 ಎಂಬಿ ತಿಂದರೂ ಇನ್ನೂ ಏದುಸಿರು ಬಿಡುತ್ತೆ’ ಅನ್ನೋ ಅರ್ಥ ಬರುವ ಹಾಗೆ ಅದರ ಹೆಸರಿನ ಒಂದೊಂದು ಅಕ್ಷರಕ್ಕೂ ಜನ ಪದ ಕಟ್ಟಿ ಗೇಲಿ ಮಾಡ್ತಿದ್ದರು. ಎಂಟು ಎಂಬಿ! ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ವಿಡಿಯೋ ಅಷ್ಟಿರುತ್ತೆ. ಹೊಟ್ಟೆಬಾಕ ಅನ್ನೋದು ಕಾಲಕ್ಕೆ ತಕ್ಕ ಬೈಗುಳ.

ಎರಡನೇದು ನೆಟ್‌ವರ್ಕು. ಇಲ್ಲಿ ನನಗೆ ಬಹಳ ಇಷ್ಟವಾದ ಕಥೆ ‘ವಿಐ’ ಎಡಿಟರಿನದು. 1976ರಲ್ಲಿ ಬಿಲ್ ಜಾಯ್ ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಅದನ್ನು ಬರೆದದ್ದು. ಮನೆಯಿಂದ ಫೋನ್ ಲೈನಿನ ಮೇಲೆ 300 ಬಾಡ್ ಮೋಡೆಮ್ಮಿನಲ್ಲಿ ಕೆಲಸ. ಅಂದ್ರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲಿನ ಪರದೆ ಪೂರ್ತಿ ತುಂಬೋಕೆ ಒಂದು ನಿಮಿಷಕ್ಕೂ ಹೆಚ್ಚು. ಅದಕ್ಕೇ ವಿಐಯಲ್ಲಿ ಎಲ್ಲ ಅಪ್ಪಣೆಗಳೂ ಒಂದಕ್ಷರ, ಎರಡಕ್ಷರ. ಅವರ ಟರ್ಮಿನಲ್ಲಿನಲ್ಲಿ ಬಾಣದ ಕೀಲಿಗಳೇ ಇರಲಿಲ್ಲ; ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣ ಬರೆದಿತ್ತು. ಇವತ್ತಿಗೂ ವಿಮ್ ಬಳಸುವವರು ಅದೇ ನಾಲ್ಕು ಕೀಲಿಯಲ್ಲಿ ಓಡಾಡ್ತಾರೆ. ಜಗತ್ತಿನ ಹೆಚ್ಚು ಬಾಳಿಕೆ ಬಂದ ಎಡಿಟರುಗಳಲ್ಲಿ ಒಂದು ಹುಟ್ಟಿದ್ದೇ ಕೆಟ್ಟ ನೆಟ್‌ವರ್ಕಿನ ಕಾರಣಕ್ಕೆ. ಇದನ್ನು ಕೇಳಿ ತಂಗಿ ನಕ್ಕಳು. “ಅಂದ್ರ ನಮ್ಮಂಥವರ ಸಲುವಾಗೇ ಮಾಡ್ಯಾನ.”

ವಿಐಯನ್ನು ಬೆಳೆಸಿ 1991ರಲ್ಲಿ ವಿಮ್ ಹೊರತಂದವರು ನೆದರ್‌ಲ್ಯಾಂಡಿನ ಬ್ರಾಮ್ ಮೂಲೆನಾರ್. ದುಡ್ಡು ಬೇಡ, ಇಷ್ಟವಾದರೆ ಉಗಾಂಡದ ಮಕ್ಕಳಿಗೆ ಸಹಾಯ ಮಾಡಿ ಅಂತ ಎಡಿಟರ್ ತೆರೆದ ಕೂಡಲೇ ಕಾಣುವ ಪರದೆಯಲ್ಲೇ ಕೇಳಿಕೊಂಡರು. 2023ರ ಆಗಸ್ಟಿನಲ್ಲಿ ತೀರಿಕೊಂಡರು. ವಿಮ್ ನಿಲ್ಲಲಿಲ್ಲ, ಉಳಿದವರು ಮುಂದುವರಿಸಿಕೊಂಡು ಹೋಗ್ತಿದ್ದಾರೆ.

ಹಾಗಾದರೆ ತಂಗಿಗೆ ವಿಮ್ ಹಾಕಿಕೊಟ್ಟರೆ ಮುಗೀತಲ್ಲ? ಇಲ್ಲ. ವಿಮ್ ಹಗುರ, ಸರಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದರೂ ಅದರ ಸ್ವಾಪ್ ಫೈಲಿನಿಂದ ಬರೆದದ್ದನ್ನು ಬಹುಪಾಲು ವಾಪಸ್ ತೆಗೀಬಹುದು, ಅದೂ ಸರಿ. ಆದರೆ ಮೊದಲ ವಾರದಲ್ಲಿ ಅದರ ಒಳಗೆ ಹೋದವರಿಗೆ ಹೊರಗೆ ಬರೋ ದಾರಿ ಸಿಗಲ್ಲ. ವಿಮ್‌ನಿಂದ ಹೊರಗೆ ಬರೋದು ಹೇಗೆ ಅನ್ನೋ ಒಂದೇ ಪ್ರಶ್ನೆಯ ಪುಟವನ್ನು 10 ಲಕ್ಷಕ್ಕೂ ಹೆಚ್ಚು ಸಲ ಜನ ನೋಡಿದ್ದಾರೆ ಅಂತ 2017ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದವರೇ ನಗಾಡಿಕೊಂಡು ಬರೆದಿದ್ದರು. ‘ನಂಗ ಇದು ಆಗಂಗಿಲ್ಲ’ ಅಂತ ಆಗಲೇ ಅರ್ಧ ನಂಬಿದವಳ ಕೈಗೆ ಅದನ್ನು ಕೊಡೋದು ಬೇಡ ಅನ್ನಿಸ್ತು.

ಮೂರನೇ ಪರೀಕ್ಷೆ ಕನ್ನಡದ್ದು. ಇದನ್ನು ಎಡಿಟರ್ ಹೋಲಿಕೆ ಮಾಡುವ ಇಂಗ್ಲಿಷ್ ಲೇಖನಗಳು ಯಾವತ್ತೂ ಕೇಳೋದಿಲ್ಲ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರ ಮೊದಲ ಆವೃತ್ತಿಯಲ್ಲೇ. ಆದರೂ ಎಷ್ಟೋ ಟರ್ಮಿನಲ್ಲುಗಳಲ್ಲಿ ಇವತ್ತಿಗೂ ಒತ್ತಕ್ಷರ ಒಡೆದು ಚೂರಾಗುತ್ತೆ, ಯಾಕಂದ್ರೆ ಅವು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಖಾನೆ ಕೊಡುವ ಲೆಕ್ಕದಲ್ಲಿ ಹುಟ್ಟಿದವು. ನಮ್ಮ ಲಿಪಿ ಖಾನೆಯಲ್ಲಿ ಕೂರೋ ಜಾತಿಯದಲ್ಲ. ‘ಸುಲೇಪೇಟ’ ಅನ್ನೋದು ನಮಗೆ ನಾಲ್ಕಕ್ಷರ. ಪೈಥಾನಿಗೆ ಉದ್ದ ಎಷ್ಟು ಅಂತ ಕೇಳಿದರೆ 7 ಅನ್ನುತ್ತೆ: ಸ, ಉಕಾರ, ಲ, ಏಕಾರ, ಪ, ಏಕಾರ, ಟ. ಫೈಲಿನಲ್ಲಿ ಉಳಿಸಿದರೆ ಒಂದೊಂದಕ್ಕೂ 3 ಬೈಟಿನಂತೆ 21 ಬೈಟು. ನಾಲ್ಕು, ಏಳು, ಇಪ್ಪತ್ತೊಂದು, ಮೂರೂ ಸರಿ ಉತ್ತರವೇ. ತಂಗಿಗೆ ಕಂಪ್ಯೂಟರ್ ಅಕ್ಷರವನ್ನು ಹೇಗೆ ನೋಡುತ್ತೆ ಅಂತ ಅರ್ಥವಾದದ್ದು ಈ ಒಂದು ಊರಿನ ಹೆಸರಿನಿಂದ. ಪಠ್ಯಪುಸ್ತಕದ ‘ಹಲೋ ವರ್ಲ್ಡ್’ ಇದನ್ನು ಕಲಿಸೋದಿಲ್ಲ. ಅಂದಹಾಗೆ ಈಮ್ಯಾಕ್ಸಿನಲ್ಲಿ ಹಲವು ಭಾಷೆಗಳ ನಮಸ್ಕಾರ ಪಟ್ಟಿ ಮಾಡುವ ಒಂದು ಪುಟ ಇದೆ, ಅದರಲ್ಲಿ ಕನ್ನಡವೂ ಇದೆ.

ನಾಲ್ಕನೇದು, ಈ ಎಡಿಟರ್ ಯಾರದು ಅನ್ನೋದು. ಆಟಮ್ ನೆನಪಿದೆಯಾ? 2014ರಲ್ಲಿ ಗಿಟ್‌ಹಬ್ ತಂದದ್ದು. ಈಗ ಹೇಳಿದ ಎಲೆಕ್ಟ್ರಾನ್ ಹುಟ್ಟಿದ್ದೇ ಆಟಮ್‌ಗೋಸ್ಕರ. ಆಮೇಲೆ ಅದೇ ಎಲೆಕ್ಟ್ರಾನ್ ಮೇಲೆ ವಿಎಸ್ ಕೋಡ್ ಬೆಳೀತು. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಂಡಿತು. 2022ರ ಡಿಸೆಂಬರ್ 15ಕ್ಕೆ ಆಟಮ್ ಮುಚ್ಚಿತು. ನಾವು ಕೆಲವರು ಒಂದು ಗುಟುಕು ಚಹಾ ಕುಡಿದು ಇನ್ನೊಂದಕ್ಕೆ ಹೋದೆವು. ಆದರೆ ಕಥೆಯ ಮುಖ್ಯ ಭಾಗ ಇಲ್ಲಿದೆ: ಆಟಮ್‌ನ ಮೂಲ ಕೋಡ್ ಮುಕ್ತವಾಗಿದ್ದರಿಂದ ಬಳಕೆದಾರರೇ ಅದನ್ನೆತ್ತಿಕೊಂಡು ಪಲ್ಸರ್ ಅನ್ನೋ ಹೆಸರಿನಲ್ಲಿ ಮುಂದುವರಿಸಿದರು. ಬರೀ ಪುಕ್ಕಟೆಯಾಗಿದ್ದರೆ ಮುಚ್ಚಿದ ದಿನವೇ ಮುಗೀತಿತ್ತು. ನಮ್ಮ ಸೇಡಂ ಪಕ್ಕದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಇವತ್ತು ನಮ್ಮ ಕೈಯಲ್ಲಿರೋದು ಯಾರೋ ಒಲೆಗರಿಯಿಂದ ಓಲೆಗರಿಗೆ ಕೈಯಾರೆ ನಕಲು ಮಾಡುತ್ತಾ ಬಂದದ್ದರಿಂದ. ಅರಮನೆ ಹೋಯ್ತು, ನಕಲು ಉಳೀತು. ಸಾಫ್ಟ್‌ವೇರಿಗೂ ಅದೇ ನಿಯಮ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ಪಟ್ಟಿ ಚಿಕ್ಕದಾಯ್ತು. ಪೈಥಾನ್ ಜೊತೆ ಬರುವ ಐಡಲ್ ಮೊದಲ ವಾರಕ್ಕೆ ಸಾಕು, ಆದರೆ ಅವಳಿಗೆ ಸಿ ಮತ್ತು ಜಾವಾ ಕೂಡ ಇತ್ತು. ವಿಂಡೋಸ್ ಉಳಿಸಿಕೊಳ್ಳೋದಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. 2003ರಲ್ಲಿ ಡಾನ್ ಹೋ ಶುರು ಮಾಡಿದ, ಕೆಲವೇ ಎಂಬಿಯ ಎಡಿಟರ್. ಬರೆದದ್ದನ್ನು ಏಳು ಸೆಕೆಂಡಿಗೊಮ್ಮೆ ತಾನೇ ಬ್ಯಾಕಪ್ ಮಾಡಿಡುತ್ತೆ. ಕಂಪ್ಯೂಟರ್ ಕಡಿಮೆ ವಿದ್ಯುತ್ ತಿನ್ನಲಿ ಅನ್ನೋದನ್ನೂ ತನ್ನ ಗುರಿ ಅಂತ ಹೇಳಿಕೊಳ್ಳುತ್ತೆ. ಲಿನಕ್ಸಿಗೆ ಹೋಗೋದಾದರೆ ಜೀನಿ. 2005ರಿಂದ ಇರುವ, ಜಿಪಿಎಲ್ ಪರವಾನಗಿಯ ಎಡಿಟರ್. ಎಡಗಡೆ ಫಂಕ್ಷನ್‌ಗಳ ಪಟ್ಟಿ, ಕೆಳಗೆ ಸಂದೇಶಗಳು, ಎಫ್8 ಒತ್ತಿದರೆ ಕಂಪೈಲ್, ಎಫ್9ಕ್ಕೆ ಬಿಲ್ಡ್, ಎಫ್5ಕ್ಕೆ ಓಟ. ಲಿನಕ್ಸೇ ಆಗಲಿ ಅಂದಳು. ಹಳೇ ವಿಂಡೋಸು ಅವಳನ್ನು ಸಾಕಷ್ಟು ಕಾಡಿತ್ತು.

ದೀಪಾವಳಿಗೆ ಊರಿಗೆ ಹೋಗುವಾಗ ಬೆಂಗಳೂರಿನಲ್ಲೇ ಡೆಬಿಯನ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಜೀನಿ, ಕಂಪೈಲರುಗಳು, ಪೈಥಾನಿನ ಸಹಾಯ ಪುಟಗಳು, ಕನ್ನಡ ಫಾಂಟು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡೆ. ಊರಿನಲ್ಲಿ ಒಂದು ಎಂಬಿ ಡೇಟಾನೂ ಖರ್ಚಾಗಲಿಲ್ಲ. ಜೀನಿ ಐಕಾನ್ ಒತ್ತಿದ ಮೇಲೆ ತಂಗಿ ಅಭ್ಯಾಸಬಲದಿಂದ ಎದ್ದು ನೀರು ಕುಡಿಯೋಕೆ ಹೊರಟಳು. ಎರಡು ಹೆಜ್ಜೆ ಇಡೋದರಲ್ಲಿ ತೆರೆದಿತ್ತು. “ಇಷ್ಟೇ?” ಅಂದಳು. ಇಷ್ಟೇ.

ಮೊದಲು ಬಿಟ್ಟಿದ್ದ ‘ಪುಕ್ಕಟೆ, ಮುಕ್ತ’ದ ವ್ಯತ್ಯಾಸಕ್ಕೆ ಈಗ ಬರ್ತೀನಿ. ಮರುದಿನ ಅವಳ ಮೂವರು ಗೆಳತಿಯರು ಬಂದರು. ಎಲ್ಲರದ್ದೂ ಅಂಥವೇ ಲ್ಯಾಪ್‌ಟಾಪು. ಎಲ್ಲರೂ ತಮಗೇ ತಲೆ ಇಲ್ಲ ಅಂತ ಬೇರೆ ಬೇರೆಯಾಗಿ ತೀರ್ಮಾನಿಸಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅದೇ ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಯ್ತು. ವಿಎಸ್ ಕೋಡಿನ ಆ ಸಿದ್ಧ ರೂಪವನ್ನು ಹೀಗೆ ಹಂಚೋದಕ್ಕೆ ಅದರ ಪರವಾನಗಿ ಒಪ್ಪೋದಿಲ್ಲ. ಜೀನಿಯನ್ನು ಹಂಚಿ ಅಂತ ಅದರ ಪರವಾನಗಿಯೇ ಹೇಳುತ್ತೆ. ಪೆನ್‌ಡ್ರೈವೇ ಇಂಟರ್ನೆಟ್ಟಾಗಿರುವ ಊರಿನಲ್ಲಿ ಈ ಒಂದು ಸಾಲು ಸಿದ್ಧಾಂತ ಅಲ್ಲ, ಸೌಲಭ್ಯ.

ತಪ್ಪು ತಿಳೀಬೇಡಿ. ನಾನು ಆಫೀಸಿನಲ್ಲಿ ಇವತ್ತಿಗೂ ವಿಎಸ್ ಕೋಡೇ ಬಳಸೋದು. ದೊಡ್ಡ ಪ್ರಾಜೆಕ್ಟಿನಲ್ಲಿ ನೂರಾರು ಫೈಲು ಹುಡುಕೋಕೆ, ಡೀಬಗ್ ಮಾಡೋಕೆ ಅದು ಒಳ್ಳೇ ಸಾಧನ. ಸರ್ವರಿನ ಒಳಗೆ ಹೋದಾಗ ವಿಐ ಬಿಟ್ಟು ಗತಿ ಇಲ್ಲ. ಅದಕ್ಕೆ ಬರೆಯೋದು, ಉಳಿಸೋದು, ಹೊರಗೆ ಬರೋದು, ಇಷ್ಟನ್ನು ಎಲ್ಲರೂ ಕಲಿತಿರಬೇಕು. ತಂಗಿಯೂ ಆಮೇಲೆ ಕಲಿತಳು, ಹೆದರಿಕೆ ಹೋದ ಮೇಲೆ. ಕೊನೇ ವರ್ಷದಲ್ಲಿ ಕಾಲೇಜಿನ ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂದಾಗ ಅವಳ ಹಳೇ ಫೋಲ್ಡರನ್ನೇ ವಿಎಸ್ ಕೋಡಿನಲ್ಲಿ ತೆರೆದಳು. ಒಂದು ಸಾಲೂ ಬದಲಾಯಿಸಬೇಕಾಗಲಿಲ್ಲ. ಫರಸಿ ಅದೇ, ಜಮಖಾನ ಬೇರೆ.

ನಮ್ಮಂಥವರಿಗೆ ಊರಿಂದ, ಸಂಬಂಧಿಕರಿಂದ, ಗೆಳೆಯರ ತಮ್ಮಂದಿರಿಂದ ಇಂಥ ಮೆಸೇಜು ಬರ್ತಾನೇ ಇರುತ್ತೆ. ಸ್ಟ್ಯಾಂಡಪ್ ಮೀಟಿಂಗ್ ನಡುವೆ ಒಂದು ಹೆಸರು ಟೈಪ್ ಮಾಡಿ ಕಳಿಸೋಕೆ ಐದು ಸೆಕೆಂಡು ಸಾಕು. ಅದರ ಬದಲು ಮೂರು ಪ್ರಶ್ನೆ ಕೇಳಿ. ರ‍್ಯಾಮ್ ಎಷ್ಟಿದೆ? ನೆಟ್ ಎಷ್ಟು ಸಿಗುತ್ತೆ? ಇದನ್ನು ಇನ್ನೊಬ್ಬರಿಗೆ ಕೊಡಬೇಕಾ? ಉತ್ತರ ಬಂದ ಮೇಲೆ ಹೆಸರು ಹೇಳಿ. ಆ ಕಡೆ ಕೂತವರು ಸಾಫ್ಟ್‌ವೇರ್ ನಿಧಾನವಾದರೆ ಸಾಫ್ಟ್‌ವೇರನ್ನು ಬೈಯೋದಿಲ್ಲ, ತಮ್ಮನ್ನೇ ಬೈಕೊಳ್ತಾರೆ.

ತಂಗಿ ಆ ಲ್ಯಾಪ್‌ಟಾಪಿನಲ್ಲಿ ತಾನೇ ಯೋಚಿಸಿ ಬರೆದ ಮೊದಲ ಪ್ರೋಗ್ರಾಮ್ ಅಪ್ಪನ ತೊಗರಿ ಲೆಕ್ಕದ್ದು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು ಅಂತ ಗೊತ್ತಾದ ಮೇಲೆ ಅವಳು ಇಂಗ್ಲಿಷ್ ಬಿಟ್ಟು ಹೀಗೆ ಬರೆದಿದ್ದಳು:

ಒಟ್ಟು = ಚೀಲ * ತೂಕ * ದರ

ಅಪ್ಪ ಏಳನೇ ಇಯತ್ತೆಯವರೆಗೆ ಓದಿದವರು. ಹಿಂದೆ ನಿಂತು ಪರದೆಯ ಮೇಲಿನ ಸಾಲನ್ನು ಮೆಲ್ಲಗೆ ಓದಿದರು. ಒಮ್ಮೆ ಓದಿ, ಮತ್ತೆ ಓದಿ, ಕನ್ನಡಕ ಸರಿ ಮಾಡಿಕೊಂಡು ಕೇಳಿದರು: “ಗಾಡಿ ಬಾಡಿಗಿ ಎಲ್ಲಿ ಕಡ್ದಿಯವ್ವಾ?”

ಕಡಿದಿರಲಿಲ್ಲ. ಅವಳು ಅಲ್ಲೇ ಇನ್ನೊಂದು ಸಾಲು ಸೇರಿಸಿ ಎಫ್5 ಒತ್ತಿದಳು. ನನ್ನ ಹತ್ತು ವರ್ಷದ ಸರ್ವಿಸಿನಲ್ಲಿ ನಾನು ಕಂಡ ಅತ್ಯಂತ ಚುಟುಕಾದ, ಅತ್ಯಂತ ಸರಿಯಾದ ಕೋಡ್ ರಿವ್ಯೂ ಅದು.